ಸೀಗಿ ಹುಣ್ಣಿಮೆಯ ಕುಂಬಳ ಎಲ್ಲಿಯದು?

ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೊರಡುವ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಯ ಇದ್ದಂತೆ ಕುಂಬಳಕಾಯಿಯ ಸಿಹಿ ಪಲ್ಯವೂ ಇರುತ್ತದೆ. ಹಟ್ಟಿ, ಮಸ್ಕಿ, ಲಿಂಗಸುಗೂರು ಕಡೆ ಇದು ಅಜ್ಜ-ಮುತ್ತಜ್ಜನ ಕಾಲದ ಅಡುಗೆ ಎಂದೇ ಎಲ್ಲರ ನಂಬಿಕೆ. ನಿಜವೇ. ಆದರೆ ಮುತ್ತಜ್ಜನಿಂದ ಇನ್ನೂ ಹಿಂದಕ್ಕೆ ಹೋದರೆ ಈ ಕಾಯಿ ನಮ್ಮ ನೆಲದಲ್ಲೇ ಇರಲಿಲ್ಲ.

ಸಿಹಿಗುಂಬಳ ಅಮೆರಿಕ ಖಂಡದ ಬಳ್ಳಿ. ಮೆಕ್ಸಿಕೋದ ಓಹಾಕಾ ಸೀಮೆಯ ಗುಹೆಯೊಂದರಲ್ಲಿ ಇದರ ಸೋದರ ತಳಿಯ ಸುಮಾರು 10,000 ವರ್ಷ ಹಳೆಯ ಬೀಜಗಳು ಸಿಕ್ಕಿವೆ. ಕೊಲಂಬಸ್ 1492ರಲ್ಲಿ ಆ ಕಡೆ ಹೋದ ಮೇಲೆಯೇ ಅಲ್ಲಿನ ಬೀಜಗಳು ಕಡಲು ದಾಟಿದ್ದು. ಮೆಣಸಿನಕಾಯಿ ಬಂದದ್ದೂ ಆಗಲೇ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋಯಿತು. ಹತ್ತೇ ವರ್ಷಕ್ಕೆ, 1520ರ ರಾಯಚೂರು ಯುದ್ಧದಲ್ಲಿ ಅವರ ಬಂದೂಕುದಾರರು ಕೃಷ್ಣದೇವರಾಯನ ಪರ ನಮ್ಮ ಕೋಟೆಯ ಗೋಡೆಯಡಿ ನಿಂತಿದ್ದರು. ಅಂದರೆ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕೆತ್ತಿದವರಾಗಲಿ, ಹಟ್ಟಿಯ ಪುರಾತನ ಗುಂಡಿಗಳಲ್ಲಿ ಚಿನ್ನ ಅಗೆದವರಾಗಲಿ ಈ ಪಲ್ಯ ಉಂಡವರಲ್ಲ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದ ಕಾಲದ ಅಡುಗೆಮನೆಗೂ ಇದು ಗೊತ್ತಿರಲಿಲ್ಲ.

ಮೊದಲಿನಿಂದ ಇದ್ದದ್ದು ಬೂದುಗುಂಬಳ. ಹೊಸ ಕಾಯಿ ಬಂದಾಗ ಜನ ಹಳೆಯ ಹೆಸರನ್ನೇ ಕೊಟ್ಟು, ಗುರುತಿಗೆ 'ಸಿಹಿ' ಸೇರಿಸಿದರು. ಹೆಸರಿನ ಜೊತೆ ಕಟ್ಟುಪಾಡುಗಳೂ ಬಂದವು. ಇಡೀ ಕುಂಬಳವನ್ನು ಹೆಂಗಸರು ಮೊದಲು ಹೆಚ್ಚಬಾರದು, ಗಂಡಸರು ಒಡೆದು ಕೊಡಬೇಕು ಎಂಬ ರೂಢಿ ಹಲವು ಮನೆಗಳಲ್ಲಿದೆ. ಬಲಿಯ ಬದಲಿಗೆ ಒಡೆಯುವ ಬೂದುಗುಂಬಳದ ನಿಯಮವೇ ಇದಕ್ಕೂ ಅಂಟಿಕೊಂಡಿದೆ ಎಂದು ನಮಗನಿಸುತ್ತದೆ. ನೆಂಟನಾಗಿ ಬಂದವನಿಗೆ ಮನೆಯ ಮಡಿ-ಮೈಲಿಗೆಯನ್ನೂ ಹಚ್ಚಿಬಿಟ್ಟರು!

ಪಲ್ಯಕ್ಕೆ ಬಲಿತ ಕಾಯಿಯೇ ಆಗಬೇಕು. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ, ಕಬ್ಬಿಣದ ಬಾಣಲಿಯಲ್ಲಿ ಸಾಸಿವೆ, ಜೀರಿಗೆ, ಒಣ ಮೆಣಸಿನಕಾಯಿಯ ಒಗ್ಗರಣೆಗೆ ಹಾಕಬೇಕು. ನೀರು ಬೇಡ, ಮುಚ್ಚಿಟ್ಟರೆ ತನ್ನ ನೀರಲ್ಲೇ ಬೇಯುತ್ತದೆ. ಮೆತ್ತಗಾದ ಮೇಲೆ ಮುಚ್ಚಳ ತೆಗೆದು, ಹೋಳಿನ ಅಂಚು ಕಂದುವವರೆಗೆ ಹುರಿಯುವುದರಲ್ಲೇ ರುಚಿ ಇರುವುದು. ಬೆಲ್ಲ ಕೊನೆಗೆ. ಮೊದಲೇ ಹಾಕಿದರೆ ಪಾಕ ಬಿಟ್ಟು ಪಲ್ಯ ಮುದ್ದೆಯಾಗುತ್ತದೆ. ಮೇಲೆ ಉಪ್ಪು, ಹುರಿದ ಎಳ್ಳಿನ ಪುಡಿ ಅಥವಾ ಗುರೆಳ್ಳು ಪುಡಿ. ಉಳಿದ ಕಾಯಿ ತುರಿದು ಬೆಲ್ಲ, ಹಿಟ್ಟು ಕಲಸಿದರೆ ಮರುದಿನ ಗಾರಿಗೆ.

ಮೊದಲು ಈ ಕಾಯಿಗೆ ದುಡ್ಡು ಕೊಡುವ ಮಾತೇ ಇರಲಿಲ್ಲ. ತಿಪ್ಪೆಯ ಮೇಲೆ, ಜೋಳದ ಹೊಲದ ಬದುವಿನಲ್ಲಿ ಬಳ್ಳಿ ತಾನೇ ಹಬ್ಬುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರು ಭತ್ತದ ಸೀಮೆಯಾಯಿತು. ನೀರು ನಿಲ್ಲುವ ಗದ್ದೆಯಲ್ಲಿ ಕುಂಬಳಕ್ಕೆ ಜಾಗವಿಲ್ಲ. ಈಗ ಸೀಗಿ ಹುಣ್ಣಿಮೆಗೂ ಸಂತೆಯಲ್ಲಿ ಹೋಳು ಲೆಕ್ಕದಲ್ಲಿ ಕೊಳ್ಳುತ್ತಾರೆ.

ಸಿಂಧನೂರಿನ ಆ ಸಂತೆಯಲ್ಲಿ ಅದೇ ಗುಡ್ಡೆಯಿಂದ ಕೊಳ್ಳುವ ಇನ್ನೊಂದು ಗುಂಪಿದೆ: ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು, ಅರ್ಧ ಶತಮಾನದಿಂದ ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬೇರೂರಿದ ಬಂಗಾಳಿಗಳು. ಪೌರತ್ವದ ಕಾಗದಕ್ಕೆ ವರ್ಷಗಟ್ಟಲೆ ಕಚೇರಿ ಅಲೆದವರು ಅವರಲ್ಲಿದ್ದಾರೆ. ಇಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದವರನ್ನೂ ಊರಿನ ಬಾಯಿ ಇನ್ನೂ 'ಹೊರಗಿನವರು' ಎನ್ನುತ್ತದೆ. ಹಾಗೆ ಅನ್ನುವ ನಾವು, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾದ ಮೇಲೆ ದುಡಿಯಲು ಬಂದವರಿಂದಲೇ ಬೆಳೆದ ಹಟ್ಟಿಯನ್ನು ಮಾತ್ರ ನಮ್ಮೂರು ಅನ್ನುತ್ತೇವೆ.

ಬಂಗಾಳಿಗಳು ಬೂದುಗುಂಬಳಕ್ಕೆ 'ಚಾಲ್ ಕುಮ್ರೊ' ಅನ್ನುತ್ತಾರೆ, ಮನೆಯ ಚಾವಣಿಯ ಮೇಲೆ ಹಬ್ಬುವ ಕುಂಬಳ. ಇನ್ನೊಂದಕ್ಕೆ 'ಮಿಷ್ಟಿ ಕುಮ್ರೊ', ಅಂದರೆ ಸಿಹಿಗುಂಬಳ. ಅಲ್ಲಿಯೂ ಹಳೆಯ ಹೆಸರಿಗೆ ಸಿಹಿಯನ್ನೇ ಅಂಟಿಸಿದ್ದಾರೆ. ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ಕಾಯಿಯನ್ನು ಐದು ಕಾಳಿನ ಒಗ್ಗರಣೆಯಲ್ಲಿ ಹುರಿದು ಚಿಟಿಕೆ ಸಕ್ಕರೆ ಹಾಕುತ್ತಾರೆ. ನಮ್ಮವರದು ಬೆಲ್ಲ.