ಕೊಪ್ಪದ ನೆಲವೂ ಕಾಸಿನ ದನಿಯೂ

ನಿಧಿಯನ್ನು ಕಾಣಬೇಕೆನ್ನುವವನು ಕಣ್ಣಿಗೆ ಅಂಜನ ಹಚ್ಚಿಕೊಳ್ಳಬೇಕೆಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ಅಂಜನ ಹಚ್ಚಿದವನಿಗೆ ಮಣ್ಣು ಗಾಜಿನಂತಾಗಿ, ಕೆಳಗಿನ ಕೊಪ್ಪರಿಗೆಯೂ ಅದನ್ನು ಸುತ್ತಿಕೊಂಡ ಸರ್ಪವೂ ಕಾಣುತ್ತವೆಂದು ಹಿರಿಯರು ಹೇಳುತ್ತಿದ್ದರು. ಈಗ ಅಂಜನದ ಕೆಲಸವನ್ನು ಯಂತ್ರವೊಂದು ವಹಿಸಿಕೊಂಡಿದೆ. ಉದ್ದನೆಯ ಕೋಲಿನ ತುದಿಗೆ ರೊಟ್ಟಿಯಗಲದ ಒಂದು ಚಕ್ರ, ಹಿಡಿಯ ಬಳಿ ಅಂಕಿ ತೋರಿಸುವ ಪುಟ್ಟ ಪೆಟ್ಟಿಗೆ. ಮೆಟಲ್ ಡಿಟೆಕ್ಟರ್ ಎಂದು ಅದರ ಹೆಸರು. ಲೋಹಶೋಧಕವೆಂದು ನಾವು ಕನ್ನಡ ಮಾಡಿಕೊಂಡಿದ್ದೇವೆ. ಅಂಜನ ಕಣ್ಣಿನ ವಿದ್ಯೆ, ಇದು ಕಿವಿಯ ವಿದ್ಯೆ. ಸರ್ಪ ಮಾತ್ರ ಇದಕ್ಕೆ ಕೇಳಿಸುವುದಿಲ್ಲ.

ಕನ್ನಡ ಪಾಠ ಹೇಳುವ ನನಗೆ ಈ ಯಂತ್ರದ ಗೊಡವೆ ಅಂಟಿಕೊಂಡದ್ದು ಕೊಪ್ಪದಲ್ಲಿ. ಮಲೆನಾಡಿನ ಕೊಪ್ಪವಲ್ಲ, ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಪ್ಪ, ಕಬ್ಬಿನ ಸೀಮೆ. (ಕೊಪ್ಪವೆಂದರೆ ಗುಡಿಸಲು, ಸಣ್ಣ ಹಳ್ಳಿ, ನಮ್ಮ ಕಡೆಯ ಕೊಪ್ಪಲುಗಳೆಲ್ಲ ಈ ಶಬ್ದದ ಬಳಗ.) ಅಲ್ಲಿಯ ನನ್ನ ಮಿತ್ರರೊಬ್ಬರ ಮನೆಯಲ್ಲಿ, ಗದ್ದೆಯಲ್ಲಿ ಕಳೆದುಹೋದ ಬೆಳ್ಳಿಯ ಕಾಲುಂಗುರವನ್ನು ಹುಡುಕಲೆಂದು ಮಗ ಈ ಯಂತ್ರವನ್ನು ತರಿಸಿಕೊಟ್ಟಿದ್ದ. ಕಾಲುಂಗುರ ಸಿಕ್ಕಿತು. ಆಸೆ ಅಲ್ಲಿಗೆ ನಿಲ್ಲುತ್ತದೆಯೆ? “ಮೇಷ್ಟ್ರೇ, ಇದ್ನ ಎಷ್ಟಕ್ಕೆ ಮಡಗುದ್ರೆ ಹಳೇ ಕಾಸು ಸಿಕ್ತದೆ?” ಎಂದು ಮಿತ್ರರು ಕೇಳಿದರು. “ಯಾವ ದೊರೆಯ ಕಾಸು ಬೇಕು?” ಎಂದು ನಾನು ತಿರುಗಿ ಕೇಳಿದೆ. ಅವರು ನಕ್ಕರು. ನಾನು ನಗೆಗಾಗಿ ಕೇಳಿದ್ದಲ್ಲ. ಈ ಯಂತ್ರವನ್ನು ಕಾಸಿಗೆ ಹದಗೊಳಿಸುವುದೆಂದರೆ ಆ ನೆಲದಲ್ಲಿ ಯಾವ ಕಾಲದಲ್ಲಿ ಯಾವ ಲೋಹದ ನಾಣ್ಯ ಓಡಾಡಿತೆಂಬುದನ್ನು ಮೊದಲು ತಿಳಿಯುವುದೇ ಆಗಿದೆ.

ಯಂತ್ರದ ಹುಟ್ಟು ನಾಣ್ಯಕ್ಕಾಗಿ ಆದದ್ದಲ್ಲ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಒಡಲೊಳಗಿನ ಗುಂಡನ್ನು ಪತ್ತೆಮಾಡಲು, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಸುರುಳಿಗಳ ಉಪಕರಣವೊಂದನ್ನು ಕಟ್ಟಿಕೊಂಡು ಹೋದ. ಹಾಸಿಗೆಯ ಅಡಿಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ವೈದ್ಯರೋ ಗುಂಡು ಬಲಗಡೆಯೇ ಇದೆಯೆಂದು ಹಟ ಹಿಡಿದಿದ್ದರು. ಉಪಕರಣ ಸೋತಿತು, ಸೆಪ್ಟೆಂಬರ್ 19ರಂದು ಅಧ್ಯಕ್ಷ ತೀರಿಕೊಂಡ. ಗುಂಡು ಎಡಗಡೆ ಇತ್ತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೋಜೆಫ್ ಕೊಸಾಟ್ಸ್‌ಕಿ, ನೆಲದಲ್ಲಿ ಹೂತ ಸಿಡಿಗುಂಡುಗಳನ್ನು ಹುಡುಕುವ ಯಂತ್ರವನ್ನು ರೂಪಿಸಿದ. 1942ರ ಎಲ್ ಅಲಮೇನ್ ಯುದ್ಧದಲ್ಲಿ ಅದು ಸೈನಿಕರ ಕೈಯಲ್ಲಿತ್ತು. ಯುದ್ಧ ಮುಗಿದ ಮೇಲೆ ಇಂಥವು ಹವ್ಯಾಸಿಗಳ ಕೈ ಸೇರಿದವು.

ಚಕ್ರದೊಳಗಿನ ಸುರುಳಿಯಲ್ಲಿ ವಿದ್ಯುತ್ತು ಹಿಂದಕ್ಕೂ ಮುಂದಕ್ಕೂ ತೊನೆಯುತ್ತಿರುತ್ತದೆ. ಕೆಳಗೆ ಲೋಹವಿದ್ದರೆ ಅದರೊಳಗೂ ಕಿರು ಸುಳಿಗಳೇಳುತ್ತವೆ. ಅವು ಹಿಂದಿರುಗಿಸುವ ಪ್ರತಿಧ್ವನಿ ಎಷ್ಟು ತಡವಾಗಿ ಬಂತೆಂಬುದನ್ನು ಅಳೆದು ಯಂತ್ರ ಒಂದು ಅಂಕಿಯನ್ನು ತೋರಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣ ಕೆಳಗಿನ ಅಂಕಿಗಳಲ್ಲಿ, ಸಿಗರೇಟಿನ ತಗಡುಕಾಗದ ಅದರ ಮೇಲೆ, ದಪ್ಪ ತಾಮ್ರವೂ ಬೆಳ್ಳಿಯೂ ತುದಿಯಲ್ಲಿ. ಬೇಡದ ಅಂಕಿಗಳನ್ನು ಮೌನವಾಗಿಸಬಹುದು. ಇದೇ ಆಯ್ಕೆಯ ಗುಟ್ಟು. ಅಪಾಯವೂ ಇಲ್ಲೇ ಇದೆ.

ಇನ್ನೆರಡು ಹದಗಳುಂಟು. ಮೊದಲನೆಯದು ಮಣ್ಣಿನದು. ನಮ್ಮ ಕಡೆಯ ಕೆಂಪು ಮಣ್ಣಿಗೆ ಆ ಬಣ್ಣ ಬಂದುದೇ ಕಬ್ಬಿಣದ ಅಂಶದಿಂದ. ಅದು ತಾನೇ ಮೆಲ್ಲಗೆ ಗೊಣಗುತ್ತಿರುತ್ತದೆ. ಲೋಹವಿಲ್ಲದ ಜಾಗದಲ್ಲಿ ಚಕ್ರವನ್ನು ಏರಿಸಿ ಇಳಿಸಿ, ಈ ಗೊಣಗಾಟ ಅಡಗುವಂತೆ ಸಮತೂಕ ಮಾಡಿಕೊಳ್ಳದಿದ್ದರೆ ಹುಡುಕಾಟವೆಲ್ಲ ವ್ಯರ್ಥ. ಸೂಕ್ಷ್ಮತೆಯ ಗುಂಡಿಯನ್ನು ಮೇಲಕ್ಕೆ ತಿರುಗಿಸಿದಷ್ಟೂ ಆಳ ಹೆಚ್ಚೆಂದು ಹೊಸಬರು ತಿಳಿಯುತ್ತಾರೆ. ಇಂಥ ಮಣ್ಣಿನಲ್ಲಿ ಹೆಚ್ಚುವುದು ಗದ್ದಲ. ಎರಡನೆಯದು ಕಂಪನದ ವೇಗ. ಸೆಕೆಂಡಿಗೆ 5,000ದಷ್ಟು ತೊನೆದರೆ ದೊಡ್ಡ ತಾಮ್ರ, ಬೆಳ್ಳಿ ಚೆನ್ನಾಗಿ ಕೇಳುತ್ತವೆ. 15,000-20,000ಕ್ಕೆ ಏರಿಸಿದರೆ ಸಣ್ಣ ಚಿನ್ನ. ಹೇಗೆ ಹದಗೊಳಿಸಿದರೂ ಒಂಟಿ ಕಾಸು ಒಂದು ಗೇಣಿನಾಚೆ ಕೇಳಿಸುವುದು ಕಷ್ಟ.

ಈಗ ದೊರೆಗಳ ಮಾತಿಗೆ ಬರೋಣ. ಈ ಸೀಮೆಯಲ್ಲಿ ಕಿವಿಗೆ ಅತ್ಯಂತ ಸುಲಭನಾದವನು ಟೀಪು ಸುಲ್ತಾನ. ಅವನ ಆನೆಯ ಗುರುತಿನ ತಾಮ್ರದ ಪೈಸೆ ಸುಮಾರು 11 ಗ್ರಾಂ ತೂಗುತ್ತದೆ, ಇಮ್ಮಡಿಯದು 22 ಗ್ರಾಂ. ಶ್ರೀರಂಗಪಟ್ಟಣದ ಟಂಕಸಾಲೆಯಿಂದ ಹೊರಟ ಈ ದಪ್ಪ ಬಿಲ್ಲೆಗಳು ಗಟ್ಟಿಯಾಗಿ ಕೂಗುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಸಿಂಹದ ಗುರುತಿನ ಮೈಲಿ ಕಾಸುಗಳೂ ತಾಮ್ರದವೇ. ಆದರೆ 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣವನ್ನು ನೋಡಿರಿ. ಚಿನ್ನದ್ದು, ನರಸಿಂಹನ ಮೂರ್ತಿಯುಳ್ಳದ್ದು; ತೂಕ ಗ್ರಾಮಿನ ಮೂರನೆಯ ಒಂದು ಪಾಲು, ಅಗಲ ತೊಗರಿಬೇಳೆಯಷ್ಟು. ಹಣವೆಂಬ ಮಾತು ಇಂದು ಸಂಪತ್ತಿಗೆಲ್ಲ ಹೆಸರಾಗಿದೆ. ಅದರ ಮೂಲದ ವಸ್ತು ಉಗುರಿನ ಸಂದಿಯಲ್ಲಿ ಅಡಗುವಂಥದು. ಯಂತ್ರ ಅದನ್ನು ತಗಡುಕಾಗದದ ಚೂರೆಂದೇ ಬಗೆಯುತ್ತದೆ. ಕಸ ಬೇಡವೆಂದು ಆ ಅಂಕಿಗಳನ್ನು ಮುಚ್ಚಿದವನು ಕಂಠೀರವರನ್ನೇ ಮುಚ್ಚಿದಂತಾಯಿತು.

ಹಿಂದೆ ಹಿಂದೆ ಹೋದಂತೆ ತೊಡಕು ಹೆಚ್ಚು. ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಬರೆಸಿಕೊಂಡ ವಿಷ್ಣುವರ್ಧನನ ಹೊನ್ನು ನಡುವಿನಲ್ಲೆಲ್ಲೋ ನುಡಿದೀತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕ ಸದಕನ ಮಹಾರಥಿಗಳ ನಾಣ್ಯಗಳಾದರೋ ಸೀಸದವು. ಸೀಸ ವಿದ್ಯುತ್ತನ್ನು ಒಯ್ಯುವ ಶಕ್ತಿ ಬೆಳ್ಳಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆ, ದನಿಯೂ ಹಾಗೆಯೇ. ನೆರೆಯ ಮಳವಳ್ಳಿಯಲ್ಲಿ 1799ರ ಮಾರ್ಚ್ 27ರಂದು ಟೀಪುವಿನ ಸೇನೆಗೂ ಜನರಲ್ ಹ್ಯಾರಿಸನ ಸೇನೆಗೂ ಯುದ್ಧ ನಡೆಯಿತು. ಆ ಕಾಲದ ಬಂದೂಕಿನ ಗುಂಡುಗಳೂ ಸೀಸವೇ. ಮಹಾರಥಿಯ ನಾಣ್ಯಕ್ಕೂ ಕುಂಪಣಿಯ ಗುಂಡಿಗೂ ಯಂತ್ರದ ಕಿವಿಯಲ್ಲಿ ಹೆಚ್ಚಿನ ಭೇದವಿಲ್ಲ! ಇನ್ನು ನಮ್ಮ ಕಾಲದ ವಿಷಯ: 1992ರಿಂದೀಚೆಗೆ ನಮ್ಮ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದು. ಕಬ್ಬಿಣ ಬೇಡವೆಂದವನಿಗೆ ಅದೂ ಕೇಳಿಸದೆ ಹೋಗಬಹುದು.

ಕಬ್ಬಿಣವನ್ನು ಹೀಗೆ ತಳ್ಳಿಹಾಕುವುದು ನನಗೆ ಸರಿತೋರುವುದಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳು ಬಾವಿಯೊಂದರ ಹೂಳೆತ್ತಿದಾಗ, ಟೀಪುವಿನ ಕಾಲದ ತುಕ್ಕು ಹಿಡಿದ ರಾಕೆಟ್ಟುಗಳು ಸಾವಿರಕ್ಕೂ ಮಿಕ್ಕಿ ಸಿಕ್ಕವು. ಅವುಗಳ ಕೊಳವೆ ಕಬ್ಬಿಣದ್ದು. ಟೀಪುವಿನ ಪೈಸೆಗೆ ಕಿವಿಗೊಟ್ಟು ನಡೆಯುವವನು, ಅವನ ಹೆಸರನ್ನು ಯುರೋಪಿಗೆ ಮುಟ್ಟಿಸಿದ ಈ ಅಸ್ತ್ರದ ಮೇಲೆಯೇ ನಡೆದು ಹೋದಾನು.

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಅದನ್ನು ಯಾವ ಗುಂಡಿ ತಿರುಗಿಸಿದರೂ ಯಂತ್ರ ಕೇಳಲಾರದು. ಕಾಸು ಯಾವ ಪದರದಲ್ಲಿ, ಯಾವ ಮಡಕೆಯ ಚೂರುಗಳ ಸಂಗಡ ಇತ್ತೆಂಬ ಸಂಗತಿ. ಚಂದ್ರವಳ್ಳಿಯನ್ನು 1929ರಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಪದರ ಪದರವಾಗಿ ನೆಲ ಬಿಡಿಸಿದರು. ರೋಮಿನ ಚಕ್ರವರ್ತಿ ಟೈಬೀರಿಯಸ್ ಆಳಿದ್ದು ಕ್ರಿ. ಶ. 14ರಿಂದ 37ರವರೆಗೆ. ಅವನ ಬೆಳ್ಳಿಯ ನಾಣ್ಯ ಇದ್ದ ಪದರಕ್ಕೆ ಅದರಿಂದ ಕಾಲ ಗೊತ್ತಾಯಿತು. ಪದರದಿಂದ ಮಡಕೆಗೆ, ಮಡಕೆಯಿಂದ ಬ್ರಹ್ಮಗಿರಿಯ ಜನವಸತಿಗೆ. ಒಂದು ಬಿಲ್ಲೆ ನಾಡಿನ ಪ್ರಾಚೀನತೆಗೆ ಪಂಚಾಂಗವಾಯಿತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂಥವೇ 163 ರೋಮನ್ ನಾಣ್ಯಗಳು, 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 256 ನಾಣ್ಯಗಳು ಸಿಕ್ಕವು. ಎಣಿಕೆಯಲ್ಲಿ ಚಂದ್ರವಳ್ಳಿಯನ್ನು ಎಷ್ಟೋ ಮೀರಿಸಿದವು. ಆದರೆ ಚಂದ್ರವಳ್ಳಿಯ ಒಂದು ನಾಣ್ಯದಿಂದ ಮಡಕೆಗಳಿಗೂ ಮನೆಗಳಿಗೂ ಕಾಲ ಹೇಳಿದಂತೆ ಅವುಗಳಿಂದ ಹೇಳಲಾಗದು.

ಆದುದರಿಂದ ಮಿತ್ರರಿಗೆ ನಾನು ಅಂಕಿ ಹೇಳಲಿಲ್ಲ, ಕಾನೂನು ಹೇಳಿದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆ 1878ರಷ್ಟು ಹಳೆಯದು. 10 ರೂಪಾಯಿಗೆ ಮೀರಿದ ನಿಧಿಯನ್ನೆಲ್ಲ ತಿಳಿಸಬೇಕೆಂದಿತ್ತು ಅದು. ಕರ್ನಾಟಕಕ್ಕೆ 1962ರ ಸ್ವಂತ ನಿಧಿ ಕಾಯಿದೆ ಇದೆ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಪಾಳುಗುಡಿಯ ಬಸವನನ್ನು ಕಿತ್ತು ಅಡಿಯಲ್ಲಿ ಅಗೆಯುವ ನಿಧಿಗಳ್ಳರ ಸುದ್ದಿ ಪತ್ರಿಕೆಗಳಲ್ಲಿ ಓದುಗರು ಕಾಣುತ್ತಲೇ ಇದ್ದಾರೆ. ಈಚೆಗೆ ಅವರ ಕೈಯಲ್ಲಿಯೂ ಈ ಯಂತ್ರ ಉಂಟು. “ಅಂಗಾರೆ ದನಿ ಬಂದ್ರೆ ಏನ್ ಮಾಡ್ಬೇಕು?” ಎಂದರು ಮಿತ್ರರು.

ಇಂಗ್ಲೆಂಡಿನಲ್ಲಿ ಹಾಗೆ ದನಿ ಕೇಳಿದ ಒಬ್ಬನ ಕತೆ ಅವರಿಗೆ ಹೇಳಿದೆ. 1992ರ ನವೆಂಬರ್ 16ರಂದು ಸಫೋಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ, ರೈತನೊಬ್ಬ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಅವನ ಗೆಳೆಯ ಯಂತ್ರ ಹಿಡಿದು ಹೊರಟ. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಒಂದಿಷ್ಟು ಎತ್ತಿ ನೋಡಿದವನು ಅಲ್ಲಿಗೇ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಮರುದಿನ ಪುರಾತತ್ತ್ವಜ್ಞರು ಬಂದು ಮಣ್ಣಿನ ಸಮೇತ ಎಚ್ಚರದಿಂದ ಬಿಡಿಸಿದರು. ಸುಮಾರು 15,000 ನಾಣ್ಯಗಳಷ್ಟೇ ಅಲ್ಲ, ಅವುಗಳನ್ನು ಇಟ್ಟ ಮರದ ಪೆಟ್ಟಿಗೆಯ ಅಳತೆ, ಚಮಚಗಳನ್ನು ಜೋಡಿಸಿದ ಕ್ರಮ, ನಡುವೆ ತುಂಬಿದ ಹುಲ್ಲು, ಬಟ್ಟೆ ಎಲ್ಲವೂ ತಿಳಿದುಬಂದವು. ಕಂಡವನು ತನಗೆ ಬಂದ ಬಹುಮಾನವನ್ನು ರೈತನೊಡನೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು, ಅದು ಈಗ ಆ ನಿಧಿಯ ಜೊತೆಗೇ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.