ಒಂದೇ ಹೆಸರು, ಮೂರು ಸ್ಟೇಷನ್

‘ಬೈಯಪ್ಪನಹಳ್ಳಿಯಲ್ಲೇ ಇದ್ದೇನೆ ಮಗಾ, ನೀನೆಲ್ಲಿದ್ದಿ?’ ಮುರ್ಡೇಶ್ವರದ ಟ್ರೇನಿನಲ್ಲಿ ಕುಂದಾಪುರದಿಂದ ಬಂದಿಳಿದ ಅಮ್ಮನ ಫೋನು. ನಾನೂ ಬೈಯಪ್ಪನಹಳ್ಳಿಯಲ್ಲೇ ಇದ್ದೆ. ಆದರೆ ಅಮ್ಮ ಕಾಣಿಸಲೇ ಇಲ್ಲ! ಅಮ್ಮ ಇಳಿದದ್ದು ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ, ನಾನು ಕಾಯುತ್ತಿದ್ದದ್ದು ಮೆಟ್ರೋ ಸ್ಟೇಷನ್ನಿನಲ್ಲಿ. ನಡುವೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಊರಿಗೇ ಸುದ್ದಿ ಹೇಳುವ ನನಗೆ ಈ ಸುದ್ದಿ ಗೊತ್ತಿರಲಿಲ್ಲ.

ಹೀಗ್ಯಾಕಾಯ್ತು? ಸ್ವಲ್ಪ ಹಿಂದಕ್ಕೆ ಹೋಗೋಣ.

1864ರ ಆಗಸ್ಟ್ 1. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಶುರುವಾಯಿತು. ಬ್ರಿಟಿಷರಿಗೆ ಬೇಕಿದ್ದದ್ದು ಮದ್ರಾಸಿನಿಂದ ತಮ್ಮ ದಂಡಿಗೊಂದು ದಾರಿ. ಬೈಯಪ್ಪನಹಳ್ಳಿ ಆ ದಾರಿಯಲ್ಲಿ ಸಿಕ್ಕ ಊರು, ಅಷ್ಟೆ. ಮುಂದೆ ಹೊಸೂರು, ಸೇಲಂ ಕಡೆಯ ಹಳಿ ಇಲ್ಲಿಂದಲೇ ಕವಲೊಡೆಯಿತು. ಹಳೆಯ ಸ್ಟೇಷನ್ ಇವತ್ತಿಗೂ ಇದೆ.

2011ರ ಅಕ್ಟೋಬರ್ 20. ದಕ್ಷಿಣ ಭಾರತದ ಮೊದಲ ಮೆಟ್ರೋ ಹೊರಟಿತು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ, 6.7 ಕಿಲೋಮೀಟರ್. ದಾರಿಯಲ್ಲಿ ಸಿಕ್ಕ ಊರೇ ಈಗ ದಾರಿಯ ಮೊದಲ ತುದಿ!

2022ರ ಜೂನ್ 6. ಸುಮಾರು 314 ಕೋಟಿ ರೂಪಾಯಿಯ ಹೊಸ ಟರ್ಮಿನಲ್. ಏಳು ಪ್ಲಾಟ್‌ಫಾರಂ, ಪೂರ್ತಿ ಎ.ಸಿ. ಮೊದಲ ರೈಲು ಎರ್ನಾಕುಳಂಗೆ. ಮೆಜೆಸ್ಟಿಕ್, ಯಶವಂತಪುರದ ಒತ್ತಡ ತಗ್ಗಿಸಬೇಕಿತ್ತು, ಅದಕ್ಕೇ ಇದು.

ನೋಡಿ, ಮೂರೂ ಸ್ಟೇಷನ್ನಿಗೆ ಅದರದರ ಕಾರಣ ಇತ್ತು. ಒಂದು ದಂಡಿಗೆ, ಒಂದು ನಗರಕ್ಕೆ, ಒಂದು ದೂರದೂರಿಗೆ. ಆದರೆ ಒಂದರಿಂದ ಇಳಿದವರು ಇನ್ನೊಂದಕ್ಕೆ ಹೋಗುವುದು ಹೇಗೆ?

ನಾನೂ ಇಂಜಿನಿಯರಿಂಗ್ ಓದಿದವನೇ. ಬಿಡಿಭಾಗ ಎಷ್ಟೇ ಚೆನ್ನಾಗಿರಲಿ, ಜೋಡಣೆ ಆಗದಿದ್ದರೆ ಯಂತ್ರ ಓಡೋದಿಲ್ಲ. ಇದೇ ಬೈಯಪ್ಪನಹಳ್ಳಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇವೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಎರಡು ಕಿಲೋಮೀಟರ್ ಮಾತ್ರ ಬಾಕಿ. ಜನ ಮೆಟ್ರೋ ಇಳಿದು, ಬಸ್ ಹತ್ತಿ, ಮತ್ತೆ ಮೆಟ್ರೋ ಹತ್ತಿದರು. ಅಕ್ಟೋಬರ್ 9ಕ್ಕೆ ಆ ತುಂಡು ಕೂಡಿಕೊಂಡಿತು. ಎರಡು ಕಿಲೋಮೀಟರ್ ಅಂದ್ರೆ ಸಣ್ಣದಲ್ಲ ಸ್ವಾಮಿ.

ಕೊನೆಗೆ ಆಟೋ ಹಿಡಿದೆ. ‘ಬೈಯಪ್ಪನಹಳ್ಳಿ ಸ್ಟೇಷನ್’ ಅಂದೆ. ಡ್ರೈವರ್ ನಕ್ಕರು: ‘ನಿಂತಿರೋದೇ ಅಲ್ಲಿ ಸಾರ್, ಯಾವ ಬೈಯಪ್ಪನಹಳ್ಳಿ?’

ಅಮ್ಮ ಬ್ಯಾಗಿನ ಮೇಲೆ ಕೂತಿದ್ದರು. ಬೈಯಲಿಲ್ಲ. ಸುತ್ತ ನೋಡಿ ಒಂದೇ ಮಾತು ಕೇಳಿದರು: ‘ಸ್ಟೇಷನ್ ಎಷ್ಟು ಚಂದ ಉಂಟು. ನೀನಿಲ್ಲದಿದ್ರೆ ನಾನು ಮನೆಗೆ ಹೋಗೂದು ಹೇಗೆ ಮಗಾ?’