ಬಡವನ ಜೇಬಿನ ಚಾಕು

ನಮ್ಮ ಅಜ್ಜನವರ ಬಳಿ ಒಂದು ಮಡಚುವ ಚಾಕು ಇತ್ತು. ಎಲೆಯಡಕೆಯ ಚೀಲದೊಳಗೆ, ಸುಣ್ಣದ ಡಬ್ಬಿಯ ಮಗ್ಗುಲಲ್ಲಿ ಅದರ ವಾಸ. ಬಾಳೆಯ ನಾರು ಸೀಳುವುದಕ್ಕೆ, ಮಾವಿನಕಾಯಿ ಹೆಚ್ಚುವುದಕ್ಕೆ, ದನದ ಕೊರಳಿಗೆ ಬಿಗಿದ ಹಗ್ಗ ಕತ್ತರಿಸುವುದಕ್ಕೆ, ನನ್ನ ಸೀಸದ ಕಡ್ಡಿ ಚೂಪು ಮಾಡುವುದಕ್ಕೆ, ಎಲ್ಲಕ್ಕೂ ಅದೊಂದೇ. ನಾನು ಬುದ್ಧಿ ತಿಳಿದು ನೋಡುವ ಹೊತ್ತಿಗೆ ಸಾಣೆಕಲ್ಲಿಗೆ ತೇದು ತೇದು ಅದರ ಅಲಗು ಬಿದಿರೆಲೆಯಷ್ಟು ಸಪೂರವಾಗಿತ್ತು. ಊರ ಕಮ್ಮಾರನು ಮಾಡಿಕೊಟ್ಟದ್ದೆಂದು ಹೇಳುತ್ತಿದ್ದರು. ಇನ್ನೊಂದನ್ನು ಅವರು ಕೊಂಡದ್ದು ನಾನು ಕಾಣೆ.

ಉಪಾಧ್ಯಾಯನಾಗಿ ಸೇರಿದ ವರುಷ ನಾನೂ ಒಂದು ಜಾತ್ರೆಯಲ್ಲಿ ಚಾಕು ಕೊಂಡೆ. ಅದಕ್ಕೆ ಏಳೆಂಟು ಅಲಗು, ಕನ್ನಡಿಯಂಥ ಹೊಳಪು, ಬೆಲೆಯೂ ಅಗ್ಗ. ತಿಂಗಳು ತುಂಬುವುದರೊಳಗೆ, ಕಬ್ಬಿನ ಗಿಣ್ಣು ಕಡಿಯುತ್ತಿದ್ದಾಗ ಆ ಅಲಗು ಹಿಮ್ಮುಖವಾಗಿ ಮಡಚಿ ನನ್ನ ತೋರುಬೆರಳಿನ ಮೇಲೆ ಬಿತ್ತು. ಹೊಲಿಗೆ ಹಾಕಿಸಿದ ಖರ್ಚು ಚಾಕುವಿನ ಬೆಲೆಗಿಂತ ಹೆಚ್ಚಾಯಿತು. ಅಜ್ಜನವರು ಬೆರಳನ್ನು ನೋಡಿದರು, ಚಾಕುವನ್ನು ತಿರುವಿ ನೋಡಿದರು. “ಮಗು, ಹೊಳಪು ನೋಡಿ ಕೊಂಡೆ, ಕೀಲು ನೋಡಿ ಕೊಳ್ಳಬೇಕಾಗಿತ್ತು” ಎಂದರು. ಬೆರಳಿನ ಗಾಯದ ಗುರುತು ಇಂದಿಗೂ ಇದೆ. ಸೀಮೆಸುಣ್ಣ ಹಿಡಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಅಜ್ಜನವರ ಮಾತೂ ನೆನಪಾಗುತ್ತದೆ. ಆ ಮಾತಿನ ಬೆನ್ನು ಹಿಡಿದು ಈ ಪುಟ್ಟ ಉಪಕರಣದ ಚರಿತ್ರೆಯನ್ನು ಹುಡುಕಿದಾಗ ನನಗೆ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ಹೆಸರು. ಹಳಗನ್ನಡದ ‘ಸುರಗಿ’ ಸಂಸ್ಕೃತದ ‘ಛುರಿಕಾ’ ಶಬ್ದದ ತದ್ಭವ; ‘ಚೂರಿ’ಯೂ ಆ ಕುಲದ್ದೇ. ‘ಚಾಕು’ ತುರ್ಕಿ ಪಾರಸಿಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂದ ಮಾತು. ಇಂಗ್ಲಿಷಿನಿಂದ ಬಂದ ‘ಪೆನ್‌ನೈಫ್’ ಎಂಬ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ‘ಪೆನ್’ ಎಂಬುದರ ಮೂಲ ಲ್ಯಾಟಿನ್ನಿನ ‘ಪೆನ್ನ’, ಅಂದರೆ ಹಕ್ಕಿಯ ಗರಿ. ಯೂರೋಪಿನಲ್ಲಿ ಶತಮಾನಗಳ ಕಾಲ ಬಾತುಕೋಳಿಯ ಗರಿಯೇ ಲೇಖನಿ. ಬರೆದಂತೆಲ್ಲ ಅದರ ತುದಿ ಸವೆಯುತ್ತದೆ. ಆಗಾಗ ಕೊಯ್ದು ಸೀಳಿ ಸರಿಮಾಡಿಕೊಳ್ಳಬೇಕು. ಅದಕ್ಕಾಗಿ ಬರೆಯುವವನ ಬಳಿ ಸದಾ ಇರುತ್ತಿದ್ದ ಸಣ್ಣ ಚಾಕುವೇ ಪೆನ್‌ನೈಫ್. ನಮ್ಮಲ್ಲಿ ಲೆಕ್ಕಣಿಕೆಯ ಮೊನೆ ಮಾಡುವುದಕ್ಕೂ ಚಾಕು ಬೇಕಾಗುತ್ತಿತ್ತು. ತಾಳೆಗರಿಯನ್ನು ಕತ್ತರಿಸುವ ಅಲಗೂ ಬರೆಯುವ ಕಂಟವೂ ಒಂದೇ ಹಿಡಿಯೊಳಕ್ಕೆ ಮಡಚಿಕೊಳ್ಳುವಂತೆ ದಕ್ಷಿಣ ದೇಶದಲ್ಲಿ ಮಾಡಿದ ಉಪಕರಣಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಹೀಗೆ ಜೇಬಿನ ಚಾಕು ಅಕ್ಷರದ ಪರಿವಾರಕ್ಕೆ ಸೇರಿದ್ದು. ಈ ಕಾರಣದಿಂದಲೇ ಒಬ್ಬ ಕನ್ನಡ ಪಂಡಿತನು ಅದರ ವಿಷಯ ಮಾತನಾಡುವುದು ಅಧಿಕಪ್ರಸಂಗವಾಗಲಾರದೆಂದು ಧೈರ್ಯ ತಂದುಕೊಂಡಿದ್ದೇನೆ.

ಅಲಗನ್ನು ಹಿಡಿಯೊಳಗೆ ಮಡಚುವ ಯೋಚನೆ ಬಹು ಹಳೆಯದು. ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೆಯ ಶತಮಾನದ್ದೆಂದು ಹೇಳಲಾದ ಒಂದು ರೋಮನ್ ಉಪಕರಣವಿದೆ. ಬೆಳ್ಳಿಯ ಒಡಲು, ಕಬ್ಬಿಣದ ಅಲಗು. ಜೊತೆಗೆ ಚಮಚ, ಮುಳ್ಳು, ಕಡ್ಡಿ, ಎಲ್ಲವೂ ಮಡಚಿಕೊಳ್ಳುತ್ತವೆ. ಅದು ಶ್ರೀಮಂತನ ಪ್ರಯಾಣದ ಒಡವೆಯೇ ಹೊರತು ಒಕ್ಕಲಿಗನ ವಸ್ತುವಲ್ಲ. ಸಾಮಾನ್ಯರ ಮಡಚುವ ಚಾಕುಗಳಿಗೆ ಮೂಳೆಯ ಅಥವಾ ಮರದ ಹಿಡಿ, ಒಂದು ಮೊಳೆ, ಒಂದು ಅಲಗು, ಇಷ್ಟೇ. ತೆರೆದ ಅಲಗು ನಿಲ್ಲುತ್ತಿದ್ದುದು ಬರಿಯ ಬಿಗಿಯಿಂದ. ಬಿಗಿ ಸಡಿಲಿದರೆ ಬೆರಳಿಗೆ ಅಪಾಯ. 17ನೆಯ ಶತಮಾನದಲ್ಲಿ ಹಿಡಿಯ ಬೆನ್ನಿನೊಳಗೆ ಉಕ್ಕಿನ ಪಟ್ಟಿಯೊಂದನ್ನು ಇಟ್ಟು, ಅದು ಅಲಗಿನ ಬುಡವನ್ನು ಒತ್ತಿ ಹಿಡಿಯುವಂತೆ ಮಾಡುವ ರೀತಿ ರೂಢಿಗೆ ಬಂದಿತು. ಅಜ್ಜನವರು ಹೇಳಿದ ಕೀಲಿನ ವಿಷಯದಲ್ಲಿ ಇದು ದೊಡ್ಡ ಹೆಜ್ಜೆ.

ಈ ಕೆಲಸಕ್ಕೆ ಹೆಸರಾದ ಊರು ಇಂಗ್ಲೆಂಡಿನ ಷೆಫೀಲ್ಡ್. 14ನೆಯ ಶತಮಾನದ ಕವಿ ಚಾಸರನ ಕಥೆಯಲ್ಲಿಯೇ ಗಿರಣಿಯವನೊಬ್ಬನು ಷೆಫೀಲ್ಡಿನ ಚಾಕುವನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದಾನೆ. ಸಾಣೆಯ ಗಾಲಿಗಳನ್ನು ತಿರುಗಿಸಲು ಗುಡ್ಡದಿಂದಿಳಿಯುವ ಹೊಳೆಗಳು, ಗಾಲಿಗೆ ತಕ್ಕ ಮರಳುಕಲ್ಲು, ಎರಡೂ ಆ ಊರಿಗಿದ್ದವು. 1624ರಲ್ಲಿ ಅಲ್ಲಿನ ಚಾಕುಗಾರರ ಸಂಘಕ್ಕೆ ಶಾಸನದ ಮನ್ನಣೆ ದೊರೆಯಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕಸುಬಿನವನು ಉಕ್ಕನ್ನು ಮೂಸೆಯಲ್ಲಿಟ್ಟು ಕರಗಿಸಿ ಶುದ್ಧಗೊಳಿಸುವ ಕ್ರಮವನ್ನು ಅಲ್ಲಿ ಸಾಧಿಸಿದನು. ಅದು ಅತಿ ಗಡಸೆಂದು ಊರಿನ ಚಾಕುಗಾರರೇ ಮೊದಲು ಬೇಡವೆಂದರು. ಫ್ರೆಂಚರು ಕೊಂಡು ಒಳ್ಳೆಯ ಚಾಕು ಮಾಡಿ ಮಾರಲು ತೊಡಗಿದ ಮೇಲೆ ಅವರ ಕಣ್ಣು ತೆರೆಯಿತು.

ಇಲ್ಲಿ ನಮ್ಮ ನಾಡಿನ ಮಾತು ಬರುತ್ತದೆ. ಮೂಸೆಯ ಉಕ್ಕು ದಕ್ಷಿಣ ಭಾರತದ ಕಮ್ಮಾರರಿಗೆ ಹಂಟ್ಸ್‌ಮನ್ನನಿಗಿಂತ ಬಹಳ ಶತಮಾನಗಳ ಮುಂಚೆಯೇ ಗೊತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿನ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರಿಸಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಸಂಗೀತವಾದ್ಯಗಳಿಗಾಗಿ ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿ ದೂರದೂರದ ಸೀಮೆಗಳಿಗೆ ಹೋಗುತ್ತಿತ್ತು. ಈ ಉಕ್ಕಿನ ಮಾದರಿಗಳು ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. ಅದನ್ನು ಕುರಿತು 1795ರಲ್ಲಿ ಜಾರ್ಜ್ ಪಿಯರ್ಸನ್ ಪ್ರಬಂಧವನ್ನು ಮಂಡಿಸಿದನು. ಅಲ್ಲಿ ಅದರ ಹೆಸರು ‘ವೂಟ್ಜ್’. ಕನ್ನಡದ ‘ಉಕ್ಕು’ ಎಂಬ ಮಾತೇ ಕೇಳಿಕೆಯಲ್ಲಿಯೋ ಬರೆವಣಿಗೆಯಲ್ಲಿಯೋ ಕೆಟ್ಟು ಹೀಗಾಯಿತೆಂದು ಹಲವರು ವಿದ್ವಾಂಸರ ಅಭಿಪ್ರಾಯ. ಅದನ್ನು ಪರೀಕ್ಷಿಸುವುದಕ್ಕೆ ಅವರು ಮಾಡಿಸಿದ್ದು ಏನನ್ನು? ಖಡ್ಗವನ್ನಲ್ಲ, ಒಂದು ಪೆನ್‌ನೈಫನ್ನು. ಲಂಡನ್ನಿನ ಚಾಕುಗಾರ ಜೇಮ್ಸ್ ಸ್ಟೊಡಾರ್ಟ್ ಅದನ್ನು ಬಡಿದು ಹದಗೊಳಿಸಿದನು. ಅದು ಅವರ ಅತ್ಯುತ್ತಮವಾದ ಉಕ್ಕಿಗೆ ಸಮನಾಗಿ ಕತ್ತರಿಸಿತು. ಮುಂದೆ ಆತನು ಈ ಉಕ್ಕನ್ನು ಯೂರೋಪಿನ ಉಕ್ಕಿಗಿಂತ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದನು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ 1819ರಿಂದ ಕೆಲವು ವರ್ಷ ಉಕ್ಕಿನ ಮೇಲೆ ನಡೆಸಿದ ಪ್ರಯೋಗಗಳಿಗೆ ಇದೇ ಸ್ಟೊಡಾರ್ಟ್ ಜೊತೆಗಾರ.

ಇದನ್ನು ಓದಿ ಹೆಮ್ಮೆಪಡುವುದು ಸುಲಭ; ನಾನೂ ಪಟ್ಟಿದ್ದೇನೆ. ಆದರೆ ಚರಿತ್ರೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಆ ಉಕ್ಕು ಎಲ್ಲರ ಜೇಬಿಗೆ ಬರಲಿಲ್ಲ. ಅದನ್ನು ಹೆಚ್ಚು ಕಾಯಿಸಿ ಬಡಿದರೆ ಪುಡಿಯಾಗುತ್ತಿತ್ತು. ಬಡಿಯುವುದಕ್ಕೆ ಬಹಳ ಶ್ರಮ, ಬಹಳ ಇದ್ದಿಲು. ಒಂದು ಮೂಸೆಯಿಂದ ದೊರೆಯುತ್ತಿದ್ದುದು ಸಣ್ಣ ಗಟ್ಟಿ. ಕಾರ್ಖಾನೆಯ ಅಗ್ಗದ ಕಬ್ಬಿಣವೂ ಉಕ್ಕೂ ಹಡಗಿನಲ್ಲಿ ಬಂದಿಳಿದ ಮೇಲೆ, 19ನೆಯ ಶತಮಾನದಲ್ಲಿ ನಮ್ಮ ಕುಲುಮೆಗಳು ಒಂದೊಂದಾಗಿ ಆರಿದವು. ಶ್ರೇಷ್ಠವಾದದ್ದನ್ನು ಮಾಡುವುದು ಒಂದು ವಿದ್ಯೆ; ಅದನ್ನು ಬಡವನ ಕೈಗೆ ಮುಟ್ಟಿಸುವುದು ಬೇರೊಂದು ವಿದ್ಯೆ.

ಷೆಫೀಲ್ಡ್ ಎರಡನೆಯದನ್ನು ಸಾಧಿಸಿತು, ಸರಿಯೆ. ಆದರೆ ಯಾವ ಬೆಲೆಗೆ? ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಒಬ್ಬ, ಜೋಡಿಸುವವನು ಮತ್ತೊಬ್ಬ. ಸಾಣೆಯವರು ದಿನವಿಡೀ ಗಾಲಿಯ ಮೇಲೆ ಬಾಗಿ ಕಲ್ಲಿನ ದೂಳನ್ನು ಉಸಿರಾಡುತ್ತಿದ್ದರು. ನೀರಿಲ್ಲದೆ ಒಣಸಾಣೆ ಹಿಡಿಯುತ್ತಿದ್ದವರಲ್ಲಿ ಅನೇಕರು ಪುಪ್ಪುಸದ ರೋಗದಿಂದ ನಡುವಯಸ್ಸಿಗೆ ಮುಂಚೆಯೇ ಸಾಯುತ್ತಿದ್ದರು. ಆ ಊರಿನ ವೈದ್ಯರು 19ನೆಯ ಶತಮಾನದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಕೊಳ್ಳುವವನಿಗೆ ಅಗ್ಗವಾದದ್ದು ಮಾಡುವವನಿಗೆ ಹೀಗೆ ದುಬಾರಿಯಾಗಿತ್ತು.

ಅಗ್ಗಕ್ಕೆ ಇನ್ನೊಂದು ದಾರಿಯನ್ನು ತೋರಿಸಿದವನು ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯ ಜೋಸೆಫ್ ಒಪಿನೆಲ್. ಅವನ ತಂದೆ ಕೊಡಲಿ ಕುಡುಗೋಲು ಮಾಡುತ್ತಿದ್ದ ಹಳ್ಳಿಯ ಕಮ್ಮಾರ. ಮಗನು ಚಾಕು ಮಾಡುವುದು ತಂದೆಗೆ ಅಷ್ಟಾಗಿ ಹಿಡಿಸಲಿಲ್ಲ. 1890ರಲ್ಲಿ, 18ರ ಹರೆಯದಲ್ಲಿ, ಅವನು ಬೆಟ್ಟದ ರೈತನಿಗಾಗಿ ಒಂದು ಚಾಕುವನ್ನು ರೂಪಿಸಿದನು. ಒಂದೇ ಅಲಗು, ಸೀಳಿದ ಮರದ ಹಿಡಿ, ಒಂದು ಮೊಳೆ, ಬಿಗಿಯಲು ಒಂದು ಉಂಗುರ. ಮರದ ಹಿಡಿಯನ್ನು ಕೊರೆಯುವುದಕ್ಕೆ ತಾನೇ ಯಂತ್ರವನ್ನು ಕಲ್ಪಿಸಿದನು. ಭಾಗಗಳು ಕಡಿಮೆಯಾದುದರಿಂದ ಬೆಲೆ ಕಡಿಮೆಯಾಯಿತು. 1897ರ ಹೊತ್ತಿಗೆ 1ರಿಂದ 12ರವರೆಗೆ ಅಳತೆಗಳಾದವು. 1909ರಲ್ಲಿ ಕಿರೀಟವಿಟ್ಟ ಕೈಯ ಮುದ್ರೆ ಬಂದಿತು. 1955ರಲ್ಲಿ ಅವನ ಮಗ ಮಾರ್ಸೆಲ್, ತೆರೆದ ಅಲಗು ಮಡಚದಂತೆ ತಡೆಯುವ ಇನ್ನೊಂದು ತಿರುಗುವ ಉಂಗುರವನ್ನು ಸೇರಿಸಿದನು. ಒಟ್ಟು ಐದು ಭಾಗ. ಅಂದು ನನ್ನ ಚಾಕುವಿಗೆ ಆ ಉಂಗುರವಿದ್ದಿದ್ದರೆ ಬೆರಳಿಗೆ ಹೊಲಿಗೆ ಬೀಳುತ್ತಿರಲಿಲ್ಲ. ಈ ಚಾಕು ಇಂದಿಗೂ ತಯಾರಾಗುತ್ತಿದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿಯೂ ಇದಕ್ಕೆ ಸ್ಥಾನ ಸಿಕ್ಕಿದೆ.

ಅದೇ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನ ಇಬಾಕ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕೆಲಸಮನೆ ತೆರೆದಿದ್ದನು. ತನ್ನ ದೇಶದ ಸೈನಿಕರ ಚಾಕುವನ್ನು ಜರ್ಮನಿಯ ಸೋಲಿಂಗೆನ್‌ನಿಂದ ತರಿಸುತ್ತಾರೆಂದು ನೊಂದು, 1891ರಲ್ಲಿ ತಾನೇ ಮಾಡಿಕೊಟ್ಟನು. ಸೋಲಿಂಗೆನ್ನಿನವರು ಇನ್ನೂ ಅಗ್ಗಕ್ಕೆ ಕೊಟ್ಟರು, ಜೊತೆಗಾರರು ಕೈಬಿಟ್ಟರು, ಎಲ್ಸೆನರ್ ಸಾಲದಲ್ಲಿ ಮುಳುಗಿದನು. ಬಂಧುಗಳ ನೆರವಿನಿಂದ ಉಳಿದು, 1897ರಲ್ಲಿ ಹಗುರವಾದ ಅಧಿಕಾರಿಯ ಚಾಕುವನ್ನು ಹೊರತಂದನು. ತಾಯಿಯ ಹೆಸರು ವಿಕ್ಟೋರಿಯಾ. ತುಕ್ಕು ಹಿಡಿಯದ ಉಕ್ಕಿಗೆ ಅಲ್ಲಿನ ಮಾತು ‘ಇನಾಕ್ಸ್’. 1921ರಲ್ಲಿ ಎರಡೂ ಕೂಡಿ ‘ವಿಕ್ಟೋರಿನಾಕ್ಸ್’ ಆಯಿತು. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಯಾವ ಸಮಾಸವೆಂದು ಹುಡುಗರು ಕೇಳಿದರೆ ನಾನು ಉತ್ತರ ಹೇಳಲಾರೆ.

ಇನ್ನು ದಿನಬಳಕೆಗೆ ಒಂದು ಚಾಕು ಕೊಳ್ಳತಕ್ಕವರಿಗೆ ಈ ಚರಿತ್ರೆಯ ಪ್ರಯೋಜನವೇನು? ಅಲಗು ನಾಲ್ಕು ಬೆರಳಗಲವಿದ್ದರೆ ಹಣ್ಣು, ಹಗ್ಗ, ಕಾಗದ, ಕಡ್ಡಿಗಳಿಗೆ ಸಾಕು. ಒಂದು ಒಳ್ಳೆಯ ಅಲಗು ಎಂಟು ಕೆಟ್ಟ ಅಲಗುಗಳಿಗಿಂತ ಮೇಲು. ಅಂಗಡಿಯಲ್ಲಿಯೇ ತೆರೆದು, ಅಲಗನ್ನು ಎಡಬಲಕ್ಕೆ ಮೆಲ್ಲನೆ ಅಲುಗಿಸಿ ನೋಡಬೇಕು, ಅಲುಗಿದರೆ ಬೇಡ. ಮಡಚಿದಾಗ ಅದು ಹಿಡಿಯ ನಡುವೆ ನೆಟ್ಟಗೆ ಕೂರಬೇಕು, ಒಂದು ಪಕ್ಕಕ್ಕೆ ಒರಸಬಾರದು. ತಡೆಯುಂಗುರವೋ ಅಂಥ ಬೇರೆ ತಡೆಯೋ ಇದ್ದರೆ ಅದು ಗಟ್ಟಿಯಾಗಿ ಹಿಡಿಯುವುದೇ ಎಂದು, ಬೆರಳನ್ನು ಅಲಗಿನ ದಾರಿಯಿಂದ ದೂರವಿಟ್ಟುಕೊಂಡು, ಪರೀಕ್ಷಿಸಬೇಕು. 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸಿದ್ಧಪಡಿಸಿದ ತುಕ್ಕು ಹಿಡಿಯದ ಉಕ್ಕಿನ ವಂಶದ ಅಲಗು, ಹುಳಿಮಾವು ನಿಂಬೆಗಳನ್ನು ಕೊಯ್ಯುವವರಿಗೆ ಅನುಕೂಲ. ಸಾದಾ ಉಕ್ಕು ಕಪ್ಪಾಗುತ್ತದೆ. ಆದರೆ ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಒರಸಿ ಒಂದು ತೊಟ್ಟು ಎಣ್ಣೆ ಸವರುವ ಅಭ್ಯಾಸವಿದ್ದವರಿಗೆ ಅದೇ ಸಾಕು. ಮರದ ಹಿಡಿ ಮಲೆನಾಡಿನ ಮಳೆಗಾಲದಂಥ ತೇವದಲ್ಲಿ ಉಬ್ಬಿ ಅಲಗನ್ನು ಕಚ್ಚಿಕೊಳ್ಳುವುದುಂಟು. ಸವಾಯ್ ರೈತರು ಹಿಡಿಯ ತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರತರುತ್ತಾರೆ. ಚಾಕುವಿನ ಜೊತೆಯಲ್ಲಿಯೇ ಒಂದು ಸಾಣೆಕಲ್ಲನ್ನೂ ಕೊಳ್ಳಬೇಕು. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಕೈ ಜಾರುತ್ತದೆ. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಟ್ಟುಕೊಳ್ಳದೆ ಮನೆಯಲ್ಲಿ ಬಿಟ್ಟು ಹೋಗುವುದು ಲೇಸು.

ಅಜ್ಜನವರು ತೀರಿಕೊಂಡ ಮೇಲೆ ಅವರ ಚಾಕು ನನಗೆ ಬಂದಿತು. ಅದು ಪಿಯರ್ಸನ್ನನು ಹೊಗಳಿದ ಉಕ್ಕಿನದಲ್ಲ; ಬಹುಶಃ ಯಾವುದೋ ಹಳೆಯ ಗಾಡಿಯ ಪಟ್ಟಿಯಿಂದ ಬಡಿದದ್ದು. ಕೀಲು ಮಾತ್ರ ಇನ್ನೂ ಅಲುಗುವುದಿಲ್ಲ. ಅದನ್ನು ಮಾಡಿದ ಕಮ್ಮಾರನ ಹೆಸರನ್ನು ಅಜ್ಜನವರನ್ನು ಕೇಳಿಟ್ಟುಕೊಳ್ಳಬೇಕೆಂದು ಆಗ ನನಗೆ ತೋಚಲಿಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ.